ಮಡಕೆಯ ಕೆಳಗಿನ ಕೌದಿ

ಭಾನುವಾರ ಬೆಳಿಗ್ಗೆ ಏಳೂವರೆಗೆ ಕಲ್ಯಾಣ ಸ್ಟೇಷನ್ನಿನಲ್ಲಿ ಕಾಯುತ್ತಿದ್ದಾಗ ಮಹಾದೇವಿ ಬಂದಳು. ನೋಟುಬುಕ್ಕು, ಪೆನ್ಸಿಲು ಬಿಟ್ಟು ಬೇರೇನೂ ತರಬೇಡಿ ಎಂದು ನಾನು ಮಕ್ಕಳಿಗೆ ಮೂರು ಸಲ ಹೇಳಿದ್ದೆ. ಅವಳ ಹೆಗಲಲ್ಲಿ ಬಟ್ಟೆ ತುಂಬಿದ ಚೀಲವಿತ್ತು.

"ಅವ್ವ ವಾಶಿಗಿ ಬರ್ತಾಳ್ರೀ ಸರ್. ಅಲ್ಲಿಂದನ ಕರಕೊಂಡು ಹೋಗ್ತಾಳ. ನಾಳಿಂದ ಸಾಲಿಗಿ ಬರೂದಿಲ್ಲ" ಎಂದಳು, ಚಹಾ ಬೇಡ ಎನ್ನುವಷ್ಟು ಸಲೀಸಾಗಿ.

ನಾನು ಕಲ್ಯಾಣದ ಒಂದು ಕನ್ನಡ ಶಾಲೆಯ ಚಿತ್ರಕಲೆ ಮಾಸ್ತರ. ಮಹಾದೇವಿ ಒಂಬತ್ತನೆಯ ತರಗತಿ. ಕಲಬುರಗಿ ಕಡೆಯಿಂದ ಬಂದ ಅವಳ ತಂದೆತಾಯಿ ಕೋಪರಖೈರಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದರು. ಇವಳು ವಿಠ್ಠಲವಾಡಿಯ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಈಗ ತಾಯಿಗೆ ಅಡುಗೆಗೆ, ಇಬ್ಬರು ಸಣ್ಣ ಮಕ್ಕಳನ್ನು ನೋಡಿಕೊಳ್ಳಲಿಕ್ಕೆ ಜನ ಬೇಕಾಗಿತ್ತು. ಇಷ್ಟು ಒಳ್ಳೆಯ ಕೈಯನ್ನು ಒಲೆಯ ಮುಂದೆ ಕೂರಿಸುತ್ತಾರಲ್ಲ ಎಂದು ನನಗೆ ಸಂಕಟವೂ ಸಿಟ್ಟೂ ಒಟ್ಟಿಗೇ ಬಂತು.

ವಾಶಿಯಲ್ಲಿ ಅಂತರಶಾಲಾ ಕಲೆ, ವಿನ್ಯಾಸ, ಕರಕುಶಲ ಸ್ಪರ್ಧೆಯ ಪ್ರದರ್ಶನವಿತ್ತು. ನಮ್ಮ ಶಾಲೆಯಿಂದ ಹೋದ ವಸ್ತುಗಳಲ್ಲಿ ಮಹಾದೇವಿಯ ಕೌದಿಯೂ ಒಂದು. ದೀಪಾವಳಿ ರಜೆಯಲ್ಲಿ ತಾಯಿಯ ಬಳಿ ಹೋದಾಗ ಹಳೆಯ ಸೀರೆ, ಲುಂಗಿಗಳ ತುಂಡು ಜೋಡಿಸಿ ಹೊಲಿದದ್ದು. ಕಪ್ಪು ಬಟ್ಟೆಯ ಮೇಲೆ ಅರ್ಧ ಎದ್ದ ಕಟ್ಟಡ, ಅದರ ತುಂಬ ನೀಲಿ ಕಿಟಕಿಗಳು, ನಡುನಡುವೆ ಒಂದೊಂದು ಹಳದಿ. ಅದಕ್ಕೊಂದು ಬಹುಮಾನ ಬಂದಿದ್ದರೆ ತಾಯಿಯ ಮನಸ್ಸು ತಿರುಗೀತು ಎಂಬುದೊಂದೇ ನನ್ನ ಭರವಸೆ.

ಡೊಂಬಿವಲಿಯಲ್ಲಿ ಪ್ರಸಾದ ಮತ್ತು ವೀಣಾ ಹತ್ತಿದರು. ಪ್ರಸಾದನ ತಂದೆ ಉಡುಪಿ ಕಡೆಯವರು, ಹೋಟೆಲಿನ ಗಲ್ಲೆಯಲ್ಲಿ ಕೂರುವವರು. ಹುಡುಗ ಮನೆಯಲ್ಲಿ ತುಳು, ಬೀದಿಯಲ್ಲಿ ಹಿಂದಿ, ನನ್ನ ಹೆದರಿಕೆಗೆ ಕನ್ನಡ. ಸ್ಪರ್ಧೆಗೆ ಮಣ್ಣಿನ ಮಡಕೆ ಮಾಡಿದ್ದ. ವೀಣಾ ಇಲ್ಲೇ ಹುಟ್ಟಿದವಳು. ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ.

ಠಾಣೆಯಲ್ಲಿ ಇಳಿದು ಬಿಸಿ ವಡಾಪಾವ್ ತಿಂದೆವು. ಅಲ್ಲಿಂದ ವಾಶಿಗೆ ಬಸ್ಸು, ತಲೆಗೆ ಐದು ರೂಪಾಯಿ. ಡಿಸೆಂಬರಿನ ತೆಳು ಚಳಿ, ಕಿಟಕಿಯಿಂದ ಕಾರ್ಖಾನೆಗಳ ಘಾಟು. ಐರೋಲಿ ದಾಟಿ, ಘನಸೋಲಿ ದಾಟಿ ಕೋಪರಖೈರಣೆ ಬಂದಾಗ ಮಹಾದೇವಿ ಬಿದಿರಿನ ಅಟ್ಟಣಿಗೆ ಕಟ್ಟಿದ ಒಂದು ಕಟ್ಟಡದ ಕಡೆ ಬೆರಳು ಮಾಡಿ, "ಅದರಾಗ ನಮ್ಮವ್ವ ಕೆಲಸ ಮಾಡೂದು" ಎಂದಳು. ಪ್ರಸಾದ ಎದ್ದು ನಿಂತು ನೋಡಿದ. ಅಷ್ಟರಲ್ಲಿ ಬಸ್ಸು ತಿರುವು ದಾಟಿತ್ತು.

ಪ್ರದರ್ಶನ ಒಂದು ಶಾಲೆಯ ದೊಡ್ಡ ಹಾಲಿನಲ್ಲಿತ್ತು. ಪ್ರದರ್ಶನ ನೋಡಲು ನನ್ನದೊಂದು ಕ್ರಮವಿದೆ. ಬಹುಮಾನದ ಚೀಟಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ವಸ್ತುವನ್ನು ನೋಡಬೇಕು. ಏನು ಕಂಡಿತು, ಹೇಗೆ ಮಾಡಿದ್ದಾರೆ, ನೀನಾದರೆ ಏನು ಬದಲಿಸುತ್ತಿದ್ದೆ ಎಂದು ಬರೆಯಬೇಕು. ಆಮೇಲೆ ಕೈ ತೆಗೆಯಬೇಕು. ಚೀಟಿ ಮೊದಲು ಕಂಡರೆ ಕಣ್ಣಿಗೆ ಸೋಮಾರಿತನ ಬರುತ್ತದೆ. ಮಕ್ಕಳು ಹಾಗೆಯೇ ಹೊರಟರು. ಮಾಸ್ತರ ಮಾತ್ರ ನಿಯಮ ಮುರಿದು, ಬರೀ ಚೀಟಿಗಳನ್ನೇ ಓದುತ್ತ ಕರಕುಶಲ ವಿಭಾಗಕ್ಕೆ ಓಡಿದ.

ಬುಟ್ಟಿ, ಬೊಂಬೆ, ಉಲ್ಲನ್ನಿನ ಟೊಪ್ಪಿ, ಐಸ್‌ಕ್ರೀಮ್ ಕಡ್ಡಿಯ ಮನೆ, ಎಲ್ಲ ಇತ್ತು. ಕೌದಿ ಇರಲಿಲ್ಲ. ಇನ್ನೊಂದು ಸುತ್ತು ಹಾಕಿದೆ. ಇಲ್ಲ.

ಮಣ್ಣಿನ ಕೆಲಸದ ಮೇಜಿನ ಬಳಿ ಪ್ರಸಾದ ಕುಣಿಯುತ್ತಿದ್ದ. ಅವನ ಮಡಕೆಗೆ ಸಮಾಧಾನಕರ ಬಹುಮಾನ ಬಂದಿತ್ತು. ಶಹಬ್ಬಾಸ್ ಎಂದು ಬೆನ್ನು ತಟ್ಟಲು ಹೋದವನ ಕೈ ಅಲ್ಲೇ ನಿಂತಿತು. ಆ ಮಡಕೆ, ಅದರ ಪಕ್ಕದ ಗಣಪತಿ, ಆನೆ, ಹೂದಾನಿ, ಎಲ್ಲದರ ಕೆಳಗೆ ಹಾಸಿದ್ದು ಮಹಾದೇವಿಯ ಕೌದಿ.

ಎಲ್ಲ ನೆನಪಾಯಿತು. ಹದಿನೈದು ದಿನದ ಹಿಂದೆ ವಸ್ತುಗಳನ್ನು ತಲುಪಿಸಲು ಹೊರಟಾಗ, ಲೋಕಲಿನ ನೂಕಿನಲ್ಲಿ ಮಡಕೆ ಒಡೆದೀತೆಂದು ಕೌದಿಯಲ್ಲಿ ಸುತ್ತಿದವನು ನಾನೇ. ನಮ್ಮವರು ಊರು ಬಿಡುವಾಗ ಪಾತ್ರೆಪಗಡ ಕಟ್ಟುವುದೂ ಕೌದಿಯಲ್ಲೇ, ರೈಲಿನಲ್ಲಿ ಹಾಸುವುದೂ ಅದನ್ನೇ. ಕೈ ತಾನಾಗಿ ಅತ್ತ ಹೋಗಿತ್ತು. ಪಿನ್ನು ತಗುಲಿ ಮಣ್ಣು ಗೀರುತ್ತದೆಂದು ಹೆಸರಿನ ಚೀಟಿಯನ್ನು ಕಿತ್ತು ಮಡಕೆಯೊಳಗೆ ಹಾಕಿದ್ದೂ ನಾನೇ. ಮತ್ತೆ ಚುಚ್ಚಲು ಮರೆತು ಗಂಟನ್ನು ಹಾಗೆಯೇ ಕೊಟ್ಟು ಬಂದಿದ್ದೆ. ಇಲ್ಲಿಯವರು ಮಡಕೆ ತೆಗೆದು, ಸುತ್ತಿದ ಬಟ್ಟೆಯನ್ನು ಮೇಜಿಗೆ ಹಾಸಿದ್ದರು.

ಮಹಾದೇವಿ ಅದೇ ಮೇಜಿನ ಮುಂದೆ ಬರೆಯುತ್ತ ನಿಂತಿದ್ದಳು. ನೋಟುಬುಕ್ಕು ಇಣುಕಿದೆ. "ಮಡಕೆಯ ಬಾಯಿ ಸ್ವಲ್ಪ ವಾಲಿದೆ. ಹೊಟ್ಟೆ ಚೆನ್ನಾಗಿದೆ. ಕೆಳಗಿನ ಬಟ್ಟೆಯ ಹೊಲಿಗೆ ಸಮ ಇದೆ, ಒಂದು ಸಾಲು ಮಾತ್ರ ಸೊಟ್ಟ."

"ಇದು ನಿನ್ನದಲ್ಲವೇನೇ? ಯಾಕೆ ಹೇಳಲಿಲ್ಲ?"

"ಕೌದಿ ತಳಗ ಹಾಸೂದಲ್ರೀ ಸರ್? ಅವರಿಗಿ ಹಂಗ ಅನಿಸಿರಬೇಕು ಅಂತ ಸುಮ್ಮನಾದೆ."

ಅವಳ ಮುಖದಲ್ಲಿ ಬೇಸರವೂ ಇರಲಿಲ್ಲ.

ಮಧ್ಯಾಹ್ನ ತಾಯಿ ಶರಣಮ್ಮ ಬಂದರು. ತಲೆ ಬಾಚಿ ಹೂ ಮುಡಿದಿದ್ದರು. ಪಾದದ ಬಿರುಕಿನಲ್ಲಿ ಸಿಮೆಂಟು ಉಳಿದಿತ್ತು. "ಎಲ್ಲದರೀ ನಮ್ಮ ಕೌದಿ?" ಎಂದವರು ನನ್ನ ಉತ್ತರಕ್ಕೆ ಕಾಯಲಿಲ್ಲ. ಅವರಿಗೇ ಕಂಡಿತು. ಆನೆಯನ್ನು ಎತ್ತಿ ನೆಲಕ್ಕಿಟ್ಟರು. ಗಣಪತಿಗೆ ಕೈ ಮುಗಿದು ಅದನ್ನೂ ಇಳಿಸಿದರು. ಸ್ವಯಂಸೇವಕರು ಓಡಿ ಬಂದರು, ಅವರ ಹಿಂದೆ ಪ್ರದರ್ಶನದ ಸಂಚಾಲಕಿ.

"ನನ್ನ ಮಗಳು ಕಣ್ಣು ಕೂಡಸದ ಹೊಲದಾಳ. ಇದರ ಮ್ಯಾಲ ಮಣ್ಣಿನ ಗಡಿಗಿ ಇಟ್ಟವರು ಯಾರು?"

ಕನ್ನಡ ಬಾರದಿದ್ದರೂ ಆ ಸಿಟ್ಟು ಸಂಚಾಲಕಿಗೆ ಅರ್ಥವಾಯಿತು. ಉಳಿದದ್ದನ್ನು ವೀಣಾ ಮರಾಠಿಯಲ್ಲಿ ಹೇಳಿದಳು. ಶರಣಮ್ಮ ಮಡಕೆ ಎತ್ತಿದಾಗ ಅದರೊಳಗಿನ ಚೀಟಿ ಸಂಚಾಲಕಿಯ ಕಣ್ಣಿಗೆ ಬಿತ್ತು. ತೆಗೆದು ಓದಿ ನನ್ನನ್ನು ಕೇಳಿದರು: "ಸರ್, ಇದು ಮಡಕೆಯೊಳಗೆ ಹೇಗೆ ಬಂತು?"

"ದಾರಿಯಲ್ಲಿ ಕಳಚಿ ಬಿದ್ದಿರಬೇಕು" ಎಂದೆ. ಇಪ್ಪತ್ತು ವರ್ಷ ಮಕ್ಕಳಿಗೆ ನಿಜ ಹೇಳಿ ಎಂದು ಬೋಧಿಸಿದ ಬಾಯಿ ಅದು.

ಸಂಚಾಲಕಿ ಒಳ್ಳೆಯವರು. ತೀರ್ಪು ಮುಗಿದಿದೆ, ಬಹುಮಾನ ಕೊಡಲಾಗುವುದಿಲ್ಲ, ಜಾಗ ಕೊಡಬಲ್ಲೆ ಎಂದರು. ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿಸಿ ಕೌದಿ ತೂಗುಹಾಕಿಸಿದರು. ಬೆಳಕು ಹಾಯ್ದು ಹಳದಿ ತುಂಡುಗಳು ದೀಪ ಹಚ್ಚಿದ ಹಾಗೆ ಕಂಡವು. ಬೇರೆ ಶಾಲೆಯ ಮಕ್ಕಳೂ ಸೇರಿದರು. ಮಾಡಿದವಳು ಎರಡು ಮಾತು ಹೇಳಲಿ ಎಂದರು ಸಂಚಾಲಕಿ. ಮಹಾದೇವಿ ನೆಲ ನೋಡಿದಳು. ತುಟಿ ಬಿಚ್ಚಲಿಲ್ಲ.

ಶರಣಮ್ಮ ಮಗಳನ್ನೇ ನೋಡುತ್ತಿದ್ದರು. "ಆ ಸೊಟ್ಟ ಸಾಲು ನಂದು. ಕೆಲಸದಿಂದ ಬಂದು ತೂಕಡಿಸಿಕೋತ ಹೊಲದೀನಿ" ಎಂದು ಎಲ್ಲರೆದುರು ಹೇಳಿ, ನನ್ನನ್ನು ಪಕ್ಕಕ್ಕೆ ಕರೆದರು.

"ನಿಮ್ಮ ಹುಡುಗ ಹೇಳಿದ, ತನ್ನ ಕೌದಿ ಗುರುತು ಹಿಡದೂ ಸುಮ್ಮ ನಿಂತಿದ್ದಳಂತಲ್ರೀ ಮಾಸ್ತರ. ನನ್ನ ಕೂಡ ಬಂದರ ಅದನ್ನ ಕಲೀತಾಳ, ಸುಮ್ಮ ನಿಂದ್ರೂದು. ಸಣ್ಣವರನ್ನ ನಾ ಹ್ಯಾಂಗರ ನೋಡ್ಕೋತೀನಿ. ಹತ್ತನೇತ್ತ ಮುಗಸ್ಲಿ. ಹೊಲಿಗಿ ನಾ ಕಲಸೀನಿ, ಮಾತು ನೀವು ಕಲಸ್ರಿ."

ಹೂಂ ಎಂದು ಮಹಾದೇವಿಯ ಬಟ್ಟೆಯ ಚೀಲವನ್ನು ನಾನೇ ಹೆಗಲಿಗೇರಿಸಿದೆ.

ಸಂಜೆ ಠಾಣೆಯಲ್ಲಿ ಕಲ್ಯಾಣದ ಸ್ಲೋ ಲೋಕಲು ಸಿಕ್ಕಿತು. ಭಾನುವಾರವಾದ್ದರಿಂದ ಕೂರಲು ಜಾಗವಿತ್ತು. ಮುಂಬ್ರಾ ಬಳಿ ಕಡಲಿನ ಖಾಡಿಯ ಹಿನ್ನೀರು ಇಳಿಬಿಸಿಲಿಗೆ ಕೆಂಪಾಗಿತ್ತು. ಇಡೀ ದಾರಿ ಕಿಟಕಿಯಾಚೆ ನೋಡುತ್ತಿದ್ದ ಮಹಾದೇವಿ ನನ್ನ ಕಡೆ ತಿರುಗಿದಳು.

"ಸರ್, ಚೀಟಿ ದಾರ್‍ಯಾಗ ಬಿದ್ದಿಲ್ಲ. ಕಿತ್ತು ಗಡಿಗಿ ಒಳಗ ಹಾಕಿದವರು ನೀವು. ಕೌದಿ ಸುತ್ತಿದವರೂ ನೀವ. ಇನ್ನೊಂದು ತುದಿ ನಾನ ಹಿಡಿದಿದ್ದೆ."

ಪ್ರಸಾದ, ವೀಣಾ ಇಬ್ಬರೂ ನನ್ನನ್ನು ನೋಡಿದರು.

"ಹೌದವ್ವ, ತಪ್ಪು ನನ್ನದೇ. ನಾಳೆ ಸಂಚಾಲಕಿಗೆ ಕಾಗದ ಬರೆಯುತ್ತೇನೆ" ಎಂದೆ.

"ಈಗ ಬರೀರಿ." ನೋಟುಬುಕ್ಕಿನ ಹಾಳೆ ಹರಿದು, ಪೆನ್ಸಿಲು ಕೊಟ್ಟಳು.

ನಮ್ಮ ಶಾಲೆಯ ವಿದ್ಯಾರ್ಥಿನಿಯ ಕೌದಿ ಸ್ಪರ್ಧೆಗೆ ಸೇರದೆ ಹೋದದ್ದು ನನ್ನ ಅಜಾಗರೂಕತೆಯಿಂದ ಎಂದು, ರೈಲಿನ ಕುಲುಕಾಟದಲ್ಲಿ ಮರಾಠಿಯಲ್ಲಿ ಬರೆದು ಅವಳ ಕೈಗಿತ್ತೆ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. ಹಾಳೆ ವಾಪಸು ಕೊಟ್ಟಳು.

"ವಿದ್ಯಾರ್ಥಿನಿ ಅಂತ ಬರದೀರಿ ಸರ್. ನನ್ನ ಹೆಸರು ಹಾಕ್ರಿ."