ಅತ್ತೆಯ ಎಡೆ

ಮಾವಿನಕುರ್ವೆಯ ಮೀನುಗಾರನನ್ನು ಮದುವೆಯಾದ ಮಗಳು ಸತ್ತಳೆಂದು ಅಜ್ಜ ಊರಿಗೆಲ್ಲ ಹೇಳಿಬಿಟ್ಟಿದ್ದ. ಪ್ರತಿ ಮಹಾಲಯಕ್ಕೂ ತೀರಿಕೊಂಡವರ ಜೊತೆ ಅವಳಿಗೂ ಎಡೆ ಇಡಿಸಿ, ಕಾಗೆ ಮುಟ್ಟಿದ ಮೇಲೆಯೇ ಉಣ್ಣುತ್ತಿದ್ದ. ಸುಳ್ಳೆಂದು ಗೊತ್ತಿಲ್ಲದ ನಾನು ಆ ಅತ್ತೆಯ ಎಲೆಗೆ ಕೈಮುಗಿದೇ ಬೆಳೆದೆ.

ಕೊಂಕಣ ರೈಲು ಶುರುವಾದ ವರ್ಷ ಅಜ್ಜ ತೀರಿಕೊಂಡ. ಮುಂದಿನ ಮಹಾಲಯದಲ್ಲಿ ಕಾಗೆ ಬರುವ ಮೊದಲೇ ಅಜ್ಜಿ ಅತ್ತೆಯ ಎಡೆಯನ್ನೆತ್ತಿ ಬಾಳೆಲೆಯಲ್ಲಿ ಕಟ್ಟಿದಳು.

"ಬಾ, ಕುರ್ವೆಗೆ ಹೋಗಿ ಬರ್ವ" ಎಂದಳು.

ದೋಣಿಯಲ್ಲಿ ಶರಾವತಿ ದಾಟಿದೆವು. ಬಾಗಿಲು ತೆರೆದವಳಿಗೆ ನನ್ನ ಅಪ್ಪನದೇ ಮೂಗು. ಅಜ್ಜನ ಮೇಲೆ ಅವತ್ತು ಹುಟ್ಟಿದ ಸಿಟ್ಟು ಇನ್ನೂ ಇಳಿದಿಲ್ಲ.

"ನಿನ್ನ ಎಡೆ" ಎಂದು ಅಜ್ಜಿ ಪೊಟ್ಟಣ ಬಿಚ್ಚಿದಳು. ಅತ್ತೆ ವಡೆ ಮುರಿದು ಬಾಯಿಗಿಟ್ಟಳು.

"ಇಷ್ಟು ವರ್ಷ ಇದನ್ನ ಕಾಗೆಗೆ ಹಾಕಿದ್ಯಾ, ಆಯಿ?"