ಕಾಗಿಣಾ ದಾಟಿದ ಪರ್ಸಿ

ಮೊನ್ನೆ ಬಚ್ಚಲ ನೆಲ ಕೀಳಲು ಬಂದ ಗೌಂಡಿ ಒಂದು ಪರ್ಸಿ ಹಾಸುಗಲ್ಲು ಎತ್ತಿ, "ಸರ, ಇದರ ಅಂಚಿಗೆ ಅರ್ಧಚಂದ್ರ ಯಾಕ ಕೊರೆದಾರ?" ಎಂದ. ದೋಣಿಯ ಹಾಯಿಕಂಬಕ್ಕೆ ಎಂದೆ. ಅವನು ನನ್ನ ವಯಸ್ಸನ್ನು ಕಣ್ಣಲ್ಲೇ ಅಳೆದು ಕಲ್ಲನ್ನು ಕೆಳಗಿಟ್ಟ. ನೀವಾದರೂ ನಂಬಿ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತರ ಮಾತು. ಶಹಾಬಾದಿನಲ್ಲಿ ನನ್ನ ನೆರೆಮನೆಯ ಚಂದ್ರಪ್ಪ ಕಾಕಾ ವಾಡಿ ಜಂಕ್ಷನ್ನಿನಲ್ಲಿ ರೈಲುಡಬ್ಬಿಗಳ ಬಡಿಗ. ಪ್ರತಿ ಪಂಚಮಿಗೂ ತವರಿಗೆ ಕರೆದೊಯ್ಯುತ್ತೇನೆಂದು ಹೆಂಡತಿ ನಾಗಮ್ಮ ಕಾಕಿಗೆ ಮದುವೆಯಲ್ಲೇ ಮಾತು ಕೊಟ್ಟಿದ್ದರು. ತವರು ಕಾಗಿಣಾ ಹೊಳೆಯಾಚೆ, ಕಣ್ಣಿಗೆ ಕಾಣುವಷ್ಟು ಹತ್ತಿರ. ಆದರೆ ಪಂಚಮಿ ಬರುವುದು ಶ್ರಾವಣದಲ್ಲಿ, ಕಾಗಿಣಾ ತುಂಬುವುದೂ ಆಗಲೇ. ಒಮ್ಮೆ ಹರಿಗೋಲಿನಲ್ಲಿ ಗಿರಗಿರ ತಿರುಗಿದ ಮೇಲೆ ಕಾಕಿ ಆ ಬುಟ್ಟಿಗೆ ದೂರದಿಂದಲೇ ಕೈಮುಗಿದಿದ್ದರು. ಆಚೆ ದಡದ ಬೇವಿಗೆ ಕಟ್ಟಿದ ಜೋಕಾಲಿಯನ್ನು ವರ್ಷವರ್ಷವೂ ಈಚೆ ದಡದಿಂದ ನೋಡಿ ಬರುತ್ತಿದ್ದರು.

ಹೀಗಿರಲು ಕಾಕಾನಿಗೆ ರದ್ದಿ ಅಂಗಡಿಯ ಇಂಗ್ಲಿಷ್ ಮಾಸಿಕವೊಂದರಲ್ಲಿ ಮಡಚಿಟ್ಟ ನಕ್ಷೆ ಸಿಕ್ಕಿತು: ಮನೆಯಲ್ಲೇ ಕಟ್ಟುವ ಕ್ಯಾಟಮರಾನ್. ಉದ್ದನೆಯ ಎರಡು ದೋಣಿ ಜೋಡಿಸಿ ಮೇಲೊಂದು ಅಟ್ಟ, ತಿರುಗುವುದಿಲ್ಲ, ಮಗುಚುವುದಿಲ್ಲ. ಮಹಾಸಾಗರ ದಾಟಲು ಬರೆದದ್ದು; ನಮಗೆ ಕಾಗಿಣಾ ಸಾಕಿತ್ತು. ಅಳತೆಯನ್ನು ಕಾಲು ಭಾಗಕ್ಕೆ ಇಳಿಸಿದೆವು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ತಪ್ಪಿಗೆ ನಾನು ಮುಖ್ಯ ಇಂಜಿನಿಯರನಾದೆ. ನನಗೆ ಈಜು ಬರುತ್ತಿರಲಿಲ್ಲ. ಆ ಹುದ್ದೆಗೆ ಅದನ್ನು ಯಾರೂ ಕೇಳಲಿಲ್ಲ.

ಎರಡು ಬೇಸಿಗೆ ಅಂಗಳದ ತುಂಬ ಹಲಗೆ, ಡಾಂಬರು. ಎಲ್ಲ ಮುಗಿದ ದಿನ ಕಾಕಿ ಅಟ್ಟದ ಮೇಲೆ ಬರಿಗಾಲಿಟ್ಟು, ಹಿಂದಕ್ಕೆ ತೆಗೆದರು.

"ನೆಲ ಎಲ್ಲದ?"

"ಇದೇ ನೆಲ," ಎಂದರು ಕಾಕಾ.

"ಇದು ಹಲಗಿ. ಕಾಲಿಗೆ ಥಣ್ಣಗ ಕಲ್ಲು ಹತ್ತಬೇಕು. ಇಲ್ಲಾಂದ್ರ ನಾ ಬರಂಗಿಲ್ಲ ನೋಡ್ರಿ."

ಮಾಡು, ಗೋಡೆ, ಮೆಟ್ಟಿಲು ಎಲ್ಲ ಪರ್ಸಿಯದೇ ಇರುವ ಊರಿನಲ್ಲಿ ಇದು ಅತಿಯಾದ ಬೇಡಿಕೆಯೇನಲ್ಲ. ನಕ್ಷೆಯಲ್ಲಿ, ಅಟ್ಟ ಹಗುರವಾಗಿರಲಿ ಎಂದು ದಪ್ಪಕ್ಷರದಲ್ಲಿತ್ತು. ಬರೆದವನು ಶಹಾಬಾದ್ ನೋಡಿದವನಲ್ಲ ಎಂದುಕೊಂಡು, ಹುದ್ದೆಗೆ ತಕ್ಕ ಗಾಂಭೀರ್ಯದಿಂದ ಹೇಳಿದೆ: "ಆರು ಕಲ್ಲು ಹಾಕ್ರಿ ಕಾಕಾ. ತಡೀತದ."

ಪಂಚಮಿಯ ಬೆಳಿಗ್ಗೆ ಹೊಳೆ ತುಂಬಿಯೂ ಶಾಂತವಾಗಿತ್ತು. ಕಾಕಾ ಹುಟ್ಟು ಹಿಡಿದರು. ಕಾಕಿ ಹಬ್ಬದ ಉಂಡಿಗಳ ಡಬ್ಬಿ ಹಿಡಿದರು. ನಾನು ನಕ್ಷೆ ಹಿಡಿದೆ. ನಡುಹೊಳೆಯಲ್ಲಿ ಪರ್ಸಿಯ ಮೇಲೆ ನೀರು ಹರಿಯಿತು, ಬಚ್ಚಲಲ್ಲಿ ಹರಿವಂತೆ.

"ಮಾಸ್ತರ, ಈಗೇನು ಮಾಡ್ಬೇಕಂತ ಬರ್ದಾರ?" ಕಾಕಾ ಕೂಗಿದರು.

"ಕಲ್ಲು ಒಗೀರಿ!"

ಐದು ಕಲ್ಲು ಒಂದೊಂದಾಗಿ ಹೊಳೆಗೆ ಬಿದ್ದವು. ದೋಣಿ ಬೆರಳು ಬೆರಳಷ್ಟೇ ಮೇಲೆದ್ದಿತು. ಹಾಯಿಕಂಬಕ್ಕೆಂದು ಅಂಚು ಕೊರೆದ ಆರನೆಯದರ ಮೇಲೆ ಕಾಕಿ ಕಂಬ ಅಪ್ಪಿ ಕೂತಿದ್ದರು.

"ಎದ್ದೇಳು, ಎದ್ದೇಳು," ಎಂದರು ಕಾಕಾ.

"ಬೇಕಾದ್ರ ಮಾಸ್ತರನ್ನ ಒಗೀರಿ. ಕಲ್ಲಿನ ಭಾರ ಅದಾರ."

ಕಾಕಾ ನನ್ನತ್ತ ತುಸು ಹೆಚ್ಚೇ ಹೊತ್ತು ನೋಡಿದರು. ಅಷ್ಟರಲ್ಲಿ ದೋಣಿ ಆಚೆ ದಡದ ಕೆಸರಿಗೆ ಮೂಗು ಒತ್ತಿತು. ಕಾಕಿ ಒದ್ದೆ ಸೀರೆಯಲ್ಲೇ ಬೇವಿನ ಮರದತ್ತ ಓಡಿದರು. ಜೋಕಾಲಿ ಎಷ್ಟು ಎತ್ತರ ಹೋಯಿತೆಂದರೆ, ಕಾಕಾ ಕೆಳಗಿನಿಂದ "ಸಾಕು, ಸಾಕು!" ಎನ್ನಬೇಕಾಯಿತು.

ನನಗೆ ವರ್ಗವಾದಾಗ ಕಾಕಿ ಈ ಕಲ್ಲನ್ನು ಸಾಮಾನಿನ ಗಾಡಿಗೆ ಹಾಕಿಸಿದರು: "ಲೆಕ್ಕ ತಪ್ಪಿಸಿದವರು ಮಾಸ್ತರು. ಇವರ ಮನ್ಯಾಗೇ ಇರ್ಲಿ." ನಾನು ಅದನ್ನು ಯಾರ ಕಣ್ಣಿಗೂ ಬೀಳದಂತೆ ಬಚ್ಚಲಲ್ಲಿ ಹೂಳಿಸಿದ್ದೆ.

"ಹೊರಗ ಒಗೀಲೇನ್ರಿ?" ಗೌಂಡಿ ಕೇಳಿದ.

ಚಪ್ಪಲಿ ಕಳಚಿ ಕಲ್ಲಿನ ಮೇಲೆ ನಿಂತೆ. ಥಣ್ಣಗಿತ್ತು.

"ಒಗೀಬ್ಯಾಡ. ತಲಬಾಗಿಲ ಮುಂದ ಹಾಕು. ಅರ್ಧಚಂದ್ರ ಮುಚ್ಚಬ್ಯಾಡ, ಬಂದವರು ಕೇಳ್ಲಿ."