ಎಲೆಯೊಳಗಿನ ಓಡಾಟ ತೋರಿಸಿದವರು

ಅಟೆಂಡರಣ್ಣನ ಬಲಗೈಯ ಎರಡು ಬೆರಳು ವರ್ಷವಿಡೀ ಕೆಂಪಗಿರುತ್ತಿದ್ದವು. ಗಿಡದ ಕಾಂಡವನ್ನು ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪಿಗೆ ಇಡುವ ಮುನ್ನ ಹಾಕುವ ಬಣ್ಣ ಅದು, ಸೋಪಿಗೆ ಜಗ್ಗುತ್ತಿರಲಿಲ್ಲ. "ಏನಣ್ಣ, ಮದುವೆ ಮನೆಯಿಂದ ಬಂದ್ರಾ?" ಎಂದು ನಾವು ಹುಡುಗಿಯರು ಛೇಡಿಸಿದರೆ ಮೈಕ್ರೋಸ್ಕೋಪು ತೋರಿಸಿ, "ಊಂ ಕಣ್ರವ್ವ, ದಿನಾ ಇದೇ ಎಣ್ಣು" ಅನ್ನುತ್ತಿದ್ದರು.

ಟಿ. ನರಸೀಪುರದ ನಮ್ಮ ಕಾಲೇಜಿನ ಜೀವಶಾಸ್ತ್ರದ ಲ್ಯಾಬಿನಲ್ಲಿ ಅವರ ಕೆಲಸ. ಊರು ನಂಜನಗೂಡು ಕಡೆಯ ಹದಿನಾರು ಎಂಬ ಹಳ್ಳಿ. ಓದಿದ್ದು ಏಳನೇ ಕ್ಲಾಸು. ಪ್ರಾಕ್ಟಿಕಲ್ಸ್ ಇದ್ದ ದಿನ ಊರ ಕೆರೆಯಿಂದ ಹೈಡ್ರಿಲ್ಲಾ ಎಂಬ ನೀರುಗಿಡ ಕಿತ್ತು ಟಿಫಿನ್ ಕ್ಯಾರಿಯರಿನಲ್ಲಿ ತರುತ್ತಿದ್ದರು. ಮೇಲಿನ ಡಬ್ಬಿಯಲ್ಲಿ ಅವರ ಮುದ್ದೆ, ಕೆಳಗಿನದರಲ್ಲಿ ನಮ್ಮ ಗಿಡ.

ಆ ಎಲೆಯ ಕೋಶಗಳೊಳಗೆ ಹಸಿರು ಕಾಳುಗಳು ಸುತ್ತುತ್ತವೆ ಎಂದು ಪುಸ್ತಕದಲ್ಲಿತ್ತು. ನನ್ನ ಎಲೆಯಲ್ಲಿ ಎಲ್ಲವೂ ಸುಮ್ಮನೆ ಬಿದ್ದಿದ್ದವು. ಮೇಷ್ಟ್ರು ಚಿತ್ರ ಬರೆದುಕೊಂಡರೆ ಸಾಕು ಎಂದು ಹೊರಟುಹೋದರು. ಅಣ್ಣ ಬಂದು ಎಲೆ ಎತ್ತಿ ಕೊಟ್ಟರು. "ತಣ್ಣೀರಿಂದ ಬಂದದ್ದು, ಇನ್ನೂವೆ ನಿದ್ದೆಗಣ್ಣು ಅದ್ಕೆ. ಅಂಗೈಲಿ ನೀರಾಕ್ಕೊಂಡು, ಅದ್ರಲ್ಲಿ ಇಟ್ಕೊಂಡು ಬಿಸ್ಲಲ್ಲಿ ನಿಂತ್ಕೋ ಓಗವ್ವ."

ಹತ್ತು ನಿಮಿಷ ಬಿಟ್ಟು ನೋಡಿದರೆ ಕಾಳುಗಳು ಕೋಶದ ಗೋಡೆಗುಂಟ ಸಾಲಾಗಿ ಹೊರಟಿದ್ದವು. ನನಗೆ ಅಳು ಬಂತು. ಅವನ್ನು ಸಾಗಿಸುವುದು ಮೋಟಾರ್ ಪ್ರೋಟೀನು, ಕೋಶದೊಳಗಿನ ಹಮಾಲಿ ಎಂದು ಆಮೇಲೆ ತಿಳಿಯಿತು. ಅದರ ಮೇಲೇ ಪಿಎಚ್‌ಡಿ ಮಾಡಿದೆ.

ಪಿಎಚ್‌ಡಿ ಮುಗಿದರೂ ಪೋಸ್ಟ್‌ಡಾಕ್ ಎಂಬ ಮುಂದಿನ ಸಂಶೋಧನೆಯ ಕೆಲಸ ಸಿಗಲಿಲ್ಲ. ಅರ್ಜಿ ಹಾಕಿ ಹಾಕಿ ಸಾಕಾಗಿ ಊರಿಗೆ ಬಂದು ಕೂತಿದ್ದಾಗ ಯೂರೋಪಿನ ಒಂದು ಲ್ಯಾಬಿನಿಂದ ವಿಡಿಯೋ ಸಂದರ್ಶನಕ್ಕೆ ಕರೆ ಬಂತು. ಇದೂ ಹೋದರೆ ಸಂಶೋಧನೆಗೇ ಕೈಮುಗಿಯುವುದು ಅಂದುಕೊಂಡಿದ್ದೆ. ಮನೆಯಲ್ಲಿ ನೆಟ್ ನಿಲ್ಲುತ್ತಿರಲಿಲ್ಲ. ವಿಷಯ ತಿಳಿದ ಅಣ್ಣ ಪ್ರಿನ್ಸಿಪಾಲರನ್ನು ಕೇಳಿ ಲ್ಯಾಬಿನ ಕಿಟಕಿ ಪಕ್ಕದ ಮೇಜು ಬಿಡಿಸಿಕೊಟ್ಟರು. "ಡಾಕ್ಟ್ರಾದ್ಮೇಲೂ ಕಲಿಯೋದೈತಾ? ಒಳ್ಳೇದು ಬುಡು" ಎಂದರು. ಸಂದರ್ಶನದವರೇನಾದರೂ ಕೇಳಿದರೆ ತೋರಿಸೋಣವೆಂದು ಎಲೆ ಬೆಚ್ಚಗೆ ಮಾಡಿ, ಸ್ಲೈಡು ಹಿಡಿದು ನನ್ನ ಹಿಂದೆ ಗೋಡೆ ಬಳಿ ನಿಂತರು.

ಈ ವಿಷಯಕ್ಕೆ ಹೇಗೆ ಬಂದೆ ಎಂದು ಲ್ಯಾಬಿನ ಮುಖ್ಯಸ್ಥೆ ಕೇಳಿದರು. ಎಲೆಯ ಕಥೆ ಹೇಳಿದೆ, ಬಿಸಿಲಿಗೆ ಹಿಡಿಯಲು ಕಲಿಸಿದವರು ಯಾರೆಂದು ಇನ್ನೂ ಹೇಳಿರಲಿಲ್ಲ. ಆಕೆಯ ಮುಖ ಅರಳಿತು. "ಹಿಂದೆ ನಿಂತಿದ್ದಾರಲ್ಲ, ತೋರಿಸಿಕೊಟ್ಟ ಗುರುಗಳು ಅವರೇನಾ?"

ಪರದೆಯಲ್ಲಿ ನನಗೆ ಕಂಡದ್ದು ಗಾರೆ ಉದುರಿದ ಗೋಡೆ, ಎತ್ತಿ ಕಟ್ಟಿದ ಪಂಚೆ, ಹವಾಯಿ ಚಪ್ಪಲಿ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. "ಅಲ್ಲ, ಅವರು ಕ್ಲೀನಿಂಗಿಗೆ ಬಂದವರು. ಅದು ನಾನೇ ಕಂಡುಕೊಂಡದ್ದು" ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ.

ಕ್ಲೀನಿಂಗ್ ಅನ್ನುವ ಮಾತು ಅವರಿಗೆ ಅರ್ಥವಾಗದ್ದೇನಲ್ಲ. ಅವರು ಸ್ಲೈಡನ್ನು ಮೆಲ್ಲಗೆ ಕೆಳಗಿಟ್ಟರು. ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡು ನೆಲ ಗುಡಿಸತೊಡಗಿದರು. ಗುಡಿಸುವುದು ಅವರ ಕೆಲಸವಲ್ಲ, ಅದಕ್ಕೆ ಬೇರೆ ಜನ ಇದ್ದರು. ನನ್ನ ಮಾತು ಸುಳ್ಳಾಗದಿರಲೆಂದು ಸಂದರ್ಶನ ಮುಗಿಯುವವರೆಗೆ ಗುಡಿಸುತ್ತಲೇ ಇದ್ದರು.

ಕೆಲಸ ಸಿಕ್ಕಿತು. ಹೊರಡುವ ಮುಂಚೆ ಹದಿನಾರಿಗೆ ಹೋಗಿ ಅವರ ಜಗಲಿಯಲ್ಲಿ ಕೂತೆ. "ಅಣ್ಣ, ಅವತ್ತು ನಾನು..." ಅನ್ನುವಷ್ಟರಲ್ಲಿ ತಡೆದರು. "ಬುಡವ್ವ, ನೆಲ ಕೊಳ್ಕಾಗೇ ಇತ್ತು. ಕಾಪಿ ಕುಡಿ." ನಾನು ಕಾಫಿ ಕುಡಿದು ಎದ್ದು ಬಂದೆ. ಕ್ಷಮಿಸಿ ಅನ್ನುವ ಒಂದು ಮಾತು ಬಾಯಿಂದ ಬರಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಗೆಳತಿಯ ಮೆಸೇಜಿನಿಂದ ತಿಳಿಯಿತು. ಅವತ್ತಾದರೂ ಇಲ್ಲಿಯ ಲ್ಯಾಬಿನಲ್ಲಿ ನಿಜ ಹೇಳಬೇಕಿತ್ತು, ಹೇಳಲಿಲ್ಲ. ಲ್ಯಾಬಿಗೆ ಹೊಸಬರು ಬಂದಾಗಲೆಲ್ಲ ಮುಖ್ಯಸ್ಥೆ ಈಗಲೂ ಆ ಕಥೆ ಹೇಳುತ್ತಾರೆ, ಯಾರೂ ಕಲಿಸದೆ ತಾನೇ ಕಂಡುಕೊಂಡ ಹಳ್ಳಿ ಹುಡುಗಿಯದು. ನಾನು ತಲೆ ತಗ್ಗಿಸಿ ಕೂರುತ್ತೇನೆ. ಅದನ್ನು ಅವರೆಲ್ಲ ವಿನಯ ಅಂದುಕೊಂಡಿದ್ದಾರೆ.